ಜ್ವರ ಬಿಟ್ಟರೂ ಮಾತ್ರೆ ಬಿಡಬೇಡ

ಬಸವನಗುಡಿ, ಬೆಂಗಳೂರು

ಚಿ. ಪ್ರಮೋದನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಟೈಫಾಯ್ಡ್ ಜ್ವರ ಇಳಿಯಿತು ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಸಂತೋಷ. ಆದರೆ ಮಾತ್ರೆಯನ್ನೂ ನಿಲ್ಲಿಸಿದ್ದೀಯಂತೆ. "ಇನ್ನು ಬಾಡಿ ನೋಡ್ಕೊಳ್ಳುತ್ತೆ" ಅಂದೆಯಂತೆ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದವಳು ಇದನ್ನು ಕೇಳಿ ಸುಮ್ನೆ ಇರೋದು ಹೇಗೆ?

ನಿನ್ನ ಮಾತು ಪೂರ್ತಿ ಸುಳ್ಳಲ್ಲ. ಬಿಳಿ ರಕ್ತಕಣಗಳಷ್ಟೇ ಅಲ್ಲ, ಸಾಮಾನ್ಯ ಜೀವಕೋಶವೂ ತನ್ನ ಕೈಲಾದಷ್ಟು ಹೋರಾಡುತ್ತದೆ. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೋಶದೊಳಗೆ ನುಗ್ಗಿದಾಗ ಪೊರೆಯ ಚೀಲವೊಂದರಲ್ಲಿ ಇರುತ್ತದೆ. ಆ ಚೀಲ ಹರಿದರೆ, ಅದರ ಒಳಮೈಯಲ್ಲಿದ್ದ ಸಕ್ಕರೆ ಅಣುಗಳು ಬಯಲಾಗುತ್ತವೆ. ತಕ್ಷಣ ಗ್ಯಾಲೆಕ್ಟಿನ್-8 ಎಂಬ ಪ್ರೋಟೀನ್ ಬಂದು ಅವಕ್ಕೆ ಅಂಟಿಕೊಳ್ಳುತ್ತದೆ. ಇದು ಗೊತ್ತಾಗಿದ್ದು 2012ರಲ್ಲಿ, ನಮ್ಮ ಕಾಲದ ಪುಸ್ತಕಗಳಲ್ಲಿ ಇರಲಿಲ್ಲ. ಇಲ್ಲಿ ಕೋಶ ಗುರುತು ಹಿಡಿಯುವುದು ಬ್ಯಾಕ್ಟೀರಿಯಾವನ್ನಲ್ಲ, ಅದು ಮಾಡಿದ ಹಾನಿಯನ್ನು! ಎಷ್ಟು ಜಾಣತನ ಅಲ್ವಾ? ಆಮೇಲೆ ಹೊಸ ಪೊರೆಯೊಂದು ಬ್ಯಾಕ್ಟೀರಿಯಾವನ್ನು ಸುತ್ತಿಕೊಂಡು, ಕೋಶದ ಅರಗಿಸುವ ಚೀಲವಾದ ಲೈಸೋಸೋಮ್‌ಗೆ ಸೇರಿಸುತ್ತದೆ. ಅಲ್ಲಿನ ಆಮ್ಲ, ಕಿಣ್ವಗಳು ಅದನ್ನು ಅರಗಿಸಿಬಿಡುತ್ತವೆ. ಇದೇ ಆಟೋಫೇಜಿ. ಕೋಶ ತನ್ನ ಹಳೆಯ ಭಾಗಗಳನ್ನು ಅರಗಿಸುವುದೂ ಹೀಗೆಯೇ. ಇದರ ಜೀನ್‌ಗಳನ್ನು ಯೀಸ್ಟ್‌ನಲ್ಲಿ ಹುಡುಕಿದ ಯೊಶಿನೋರಿ ಓಸುಮಿಗೆ 2016ರಲ್ಲಿ ನೊಬೆಲ್ ಬಂತು.

ಆದರೆ ಚೀಲ ಹರಿಯದೇ ಇದ್ದರೆ? ತೊಂದರೆ ಇರುವುದೇ ಅಲ್ಲಿ. ಟೈಫಾಯ್ಡ್ ಬ್ಯಾಕ್ಟೀರಿಯಾ ತನ್ನದೇ ಪ್ರೋಟೀನ್‌ಗಳನ್ನು ಚುಚ್ಚಿ ಚೀಲವನ್ನು ತನಗೆ ಬೇಕಾದಂತೆ ಇಟ್ಟುಕೊಳ್ಳುತ್ತದೆ. ಅದೂ ಎಲ್ಲಿ? ಬ್ಯಾಕ್ಟೀರಿಯಾ ನುಂಗುವುದೇ ಕೆಲಸವಾಗಿರುವ ಮ್ಯಾಕ್ರೋಫೇಜ್ ಕೋಶಗಳ ಒಳಗೆ! ಜೆಂಟಾಮೈಸಿನ್ ಎಂಬ ಆಂಟಿಬಯಾಟಿಕ್ ಇದನ್ನು ಲ್ಯಾಬ್ ತಟ್ಟೆಯಲ್ಲಿ ಕೊಲ್ಲುತ್ತದೆ, ರೋಗಿಯಲ್ಲಿ ಕೆಲಸಕ್ಕೆ ಬರುವುದಿಲ್ಲ. ಕಾರಣ, ಅದು ಕೋಶದೊಳಕ್ಕೆ ಸರಿಯಾಗಿ ಹೋಗುವುದಿಲ್ಲ. ನಿನಗೆ ಕೊಟ್ಟ ಅಜಿತ್ರೋಮೈಸಿನ್ ಕೋಶದೊಳಗೇ ಹೋಗಿ ಶೇಖರವಾಗುತ್ತದೆ. ಜ್ವರ ಬಿಟ್ಟ ಮೇಲೂ ಅಡಗಿ ಕೂತವು ಉಳಿದಿರಬಹುದು. ಟೈಫಾಯ್ಡ್ ಎರಡು ಮೂರು ವಾರ ಬಿಟ್ಟು ಮರುಕಳಿಸುವುದೂ ಉಂಟು.

ಆದ್ದರಿಂದ ಇವತ್ತೇ ಡಾಕ್ಟರಿಗೆ ಫೋನ್ ಮಾಡು. ಎಷ್ಟು ಮಾತ್ರೆ ತಪ್ಪಿದೆ ಅಂತ ಮುಚ್ಚಿಡದೆ ಹೇಳು. ಅವರು ಹೇಳಿದಂತೆ ಮುಗಿಸು. ಉಳಿದ ಮಾತ್ರೆಯನ್ನು ಪಿಜಿಯ ಗೆಳೆಯರಿಗೆ ಹಂಚಬೇಡ. ಇಮ್ಯೂನಿಟಿ ಪೌಡರ್ ತರಿಸಿದ್ದೀಯಂತಲ್ಲ, ಆ ದುಡ್ಡಲ್ಲಿ ಹಣ್ಣು ತಗೋಬಹುದಿತ್ತು. ನೀರು ಕುದಿಸಿ ಕುಡಿ. ಗುಣವಾಗುವವರೆಗೆ ಯಾರಿಗೂ ಅಡುಗೆ ಮಾಡಿ ಬಡಿಸಬೇಡ. ಡಾಕ್ಟರ್ ಏನಂದರು ಅಂತ ರಾತ್ರಿಯೊಳಗೆ ನನಗೆ ತಿಳಿಸು.

ಇಂತಿ,
ನಿನ್ನ ದೊಡ್ಡಮ್ಮ