ನೋವಿದ್ದರೂ ಓಡಿ ಎಂದ ಶೂ ಕಂಪನಿಗೆ ಒಂದು ದೂರು ಪತ್ರ

ಇವರಿಗೆ,
ಕುಂದುಕೊರತೆ ನಿವಾರಣಾಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ.

ವಿಷಯ: ತಪ್ಪು ವಿವರ ಕೊಟ್ಟು ಮಾರಿದ ಎರಡು ಜೊತೆ ತೆಳು ಅಟ್ಟೆಯ ಓಟದ ಶೂಗಳು, ನೋವಿದ್ದರೂ ಓಡುವಂತೆ ನೀಡಿದ ಸಲಹೆ ಹಾಗೂ ಅದರಿಂದಾದ ಮೂಳೆ ಬಿರುಕಿನ ಕುರಿತು ದೂರು.

ಮಾನ್ಯರೇ,

ಹುಬ್ಬಳ್ಳಿಯಲ್ಲಿ ಪ್ರೌಢಶಾಲಾ ಶಿಕ್ಷಕಿಯಾಗಿರುವ ನನ್ನ ತಂಗಿ ನಿಮ್ಮ ಗ್ರಾಹಕ ಸೇವೆಗೆ ಹೀಗೆ ಬರೆದಿದ್ದಳು: ‘ಬಲಪಾದದ ಮೇಲ್ಭಾಗದಲ್ಲಿ ಒಂದೇ ಜಾಗದಲ್ಲಿ ನೋವಿದೆ. ಬೆರಳಿಟ್ಟರೆ ಸಹಿಸಲಾಗುವುದಿಲ್ಲ. ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಕುಂಟುತ್ತೇನೆ. ಏನು ಮಾಡಲಿ?’ ಅದಕ್ಕೆ ನಿಮ್ಮ ಸಿಬ್ಬಂದಿ ಕಳುಹಿಸಿದ ಉತ್ತರ ಇದು: ‘ಇದು ನಿಮ್ಮ ಪಾದ ಬಲಗೊಳ್ಳುತ್ತಿರುವ ಲಕ್ಷಣ. ದಯವಿಟ್ಟು ಓಟ ನಿಲ್ಲಿಸಬೇಡಿ. ಅಭ್ಯಾಸವಾದಂತೆ ನೋವು ಕಡಿಮೆಯಾಗುತ್ತದೆ.’

ಅವಳು ನಿಲ್ಲಿಸಲಿಲ್ಲ. ನೆಲಕ್ಕೆ ಕಾಲೂರಲೂ ಆಗದ ಸ್ಥಿತಿ ಬಂದ ಮೇಲೆ ಮೂಳೆ ವೈದ್ಯರ ಬಳಿ ಹೋದಳು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ಎಂಆರ್‌ಐಯಲ್ಲಿ ಕಂಡಿತು: ಎರಡನೇ ಬೆರಳಿನ ಬುಡದ ಉದ್ದ ಮೂಳೆಯಲ್ಲಿ ಬಿರುಕು. ಬಿದ್ದು ಆದದ್ದಲ್ಲ, ತಾಳಲಾರದಷ್ಟು ಭಾರವನ್ನು ಮತ್ತೆ ಮತ್ತೆ ಹೊತ್ತದ್ದರಿಂದ ಆದದ್ದು ಎಂದು ವೈದ್ಯರು ಬರೆದುಕೊಟ್ಟಿದ್ದಾರೆ. ಈಗ ಅವಳು ಕಾಲಿಗೆ ವೈದ್ಯರು ಕೊಟ್ಟ ಬೂಟು ಕಟ್ಟಿಕೊಂಡು, ಕುರ್ಚಿಯಲ್ಲಿ ಕುಳಿತೇ ಪಾಠ ಮಾಡುತ್ತಿದ್ದಾಳೆ. ನಿಮ್ಮ ಉತ್ತರದ ಪ್ರತಿ, ವೈದ್ಯರ ವರದಿ ಮತ್ತು ಖರ್ಚಿನ ರಸೀದಿಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಎರಡೂ ಜೊತೆಗಳನ್ನು ನಿಮ್ಮ ಜಾಲತಾಣದಲ್ಲಿ ಆರ್ಡರ್ ಮಾಡಿ ಹಣ ಕಟ್ಟಿದವನು ನಾನು. ಒಂದು ನನಗೆ, ಇನ್ನೊಂದು ನೇರವಾಗಿ ತಂಗಿಯ ಮನೆಗೆ. ಜೋಡಿಗೆ ₹4,299ರಂತೆ ಪಾವತಿಸಿದ ಬಿಲ್ಲುಗಳೂ ಇದರೊಂದಿಗಿವೆ.

ನಿಮ್ಮ ತೆಳು ಅಟ್ಟೆಯ ಶೂಗಳು ಬರಿಗಾಲ ಓಟವನ್ನು ಅನುಕರಿಸುವಂಥವು. ಆ ಬರಿಗಾಲ ಓಟ ಎಂದರೇನೆಂದು ತಿಳಿಯದ ಯಾರೋ ಬರೆದ ದೂರು ಎಂದುಕೊಂಡು ನೀವು ಇದನ್ನು ಬದಿಗಿಡಬಾರದು. ಮೈಸೂರಿನ ಕುಕ್ಕರಹಳ್ಳಿ ಕೆರೆಯ ಮಣ್ಣಿನ ಹಾದಿಯಲ್ಲಿ ನಾನು ವರ್ಷಗಳಿಂದ ಬರಿಗಾಲಿನಲ್ಲಿ ಓಡುತ್ತಿದ್ದೇನೆ. ದಪ್ಪ ಶೂ ತೊಟ್ಟಾಗ ಹಿಮ್ಮಡಿ ದಬದಬ ಅಪ್ಪಳಿಸುತ್ತದೆ. ಬರಿಗಾಲಿಗೆ ಬಂದರೆ ಯಾರೂ ಹೇಳಿಕೊಡದೆಯೇ ಹೆಜ್ಜೆ ಗಿಡ್ಡವಾಗುತ್ತದೆ, ಪಾದದ ಮುಂಭಾಗವೋ ನಡುಭಾಗವೋ ಮೊದಲು ನೆಲ ಮುಟ್ಟುತ್ತದೆ, ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ, ಸದ್ದು ಕಡಿಮೆಯಾಗುತ್ತದೆ. ಈ ಓಟ ನನ್ನ ಮೀನಖಂಡಗಳಿಗೆ ಬಲ ಕೊಟ್ಟಿದೆ. ಅಂಗಾಲಿಗೆ ನೆಲವನ್ನು ಅರಿಯುವ ಗುಣ ಕೊಟ್ಟಿದೆ. ಡಾಂಬರು ರಸ್ತೆಗೂ ಮಳೆಗಾಲದ ಹಾದಿಗೂ ತೆಳು ಅಟ್ಟೆಯ ಶೂ ಇರಲೆಂದು ನಿಮ್ಮಲ್ಲಿ ಕೊಂಡೆ. ಈ ಪದ್ಧತಿಯ ಮೇಲೆ ನನಗೆ ನಂಬಿಕೆ ಇದೆ. ಆದ್ದರಿಂದಲೇ ನೀವು ಅದರ ಹೆಸರಿನಲ್ಲಿ ಹೇಳುತ್ತಿರುವ ಸುಳ್ಳನ್ನು ಸಹಿಸಲಾಗುತ್ತಿಲ್ಲ.

ತಂಗಿಗೆ ಫೋನಿನಲ್ಲಿ, ಮೊದಲು ಮನೆಯೊಳಗೆ ತೊಟ್ಟು ನಡೆದಾಡು, ಆಮೇಲೆ ಎಂದಿನ ಓಟದ ಕೊನೆಗೆ ಐದು ನಿಮಿಷವಷ್ಟೇ ಇದರಲ್ಲಿ ಓಡು ಎಂದು ಹೇಳಿದ್ದೆ. ಆದರೆ ಶೂ ಪೆಟ್ಟಿಗೆಯಲ್ಲಿ ನಿಮ್ಮ ಕಾರ್ಡ್ ಇತ್ತು: ‘ನಮ್ಮ ವಿಶೇಷ ವಿನ್ಯಾಸದಿಂದಾಗಿ ಹೊಂದಿಕೊಳ್ಳುವ ಅವಧಿ ಬೇಕಿಲ್ಲ. ಮೊದಲ ದಿನವೇ ನಿಮ್ಮ ಎಂದಿನ ದೂರ ಓಡಿ. ಗಾಯಗಳಿಗೆ ಶಾಶ್ವತ ವಿದಾಯ ಹೇಳಿ.’ ಅಣ್ಣನ ಮಾತಿಗಿಂತ ಶೂ ತಯಾರಿಸಿದವರ ಮಾತಿಗೆ ಅವಳು ಹೆಚ್ಚು ಬೆಲೆ ಕೊಟ್ಟಳು. ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಉಣಕಲ್ ಕೆರೆಯ ಬಳಿ ದಿನವೂ ಐದು ಕಿಲೋಮೀಟರ್ ಓಡುತ್ತಿದ್ದವಳು ಮರುದಿನವೇ ಅಷ್ಟೂ ದೂರವನ್ನು ನಿಮ್ಮ ಶೂನಲ್ಲಿ ಓಡಿದಳು.

ಈ ಕಾರ್ಡನ್ನು ಬರೆದವರು ಮೂಳೆಯ ಬಗ್ಗೆ ಒಂದು ಪುಟವನ್ನಾದರೂ ಓದಿದ್ದಾರೆಯೇ? ದಪ್ಪ ಅಟ್ಟೆ ಇದ್ದಾಗ ಮಂಡಿಯೂ ಹಿಮ್ಮಡಿಯೂ ಹೊರುತ್ತಿದ್ದ ಹೊರೆ ತೆಳು ಅಟ್ಟೆಗೆ ಬಂದಾಗ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಅದರ ಬಹುಪಾಲು ಮೀನಖಂಡ, ಹಿಮ್ಮಡಿಯ ಮೇಲಿರುವ ಅಕಿಲೀಸ್ ಸ್ನಾಯುರಜ್ಜು ಮತ್ತು ಬೆರಳ ಬುಡದ ಮೂಳೆಗಳ ಮೇಲೆ ಬೀಳುತ್ತದೆ. ಸ್ನಾಯು ಬೇಗ ಹೊಂದಿಕೊಳ್ಳುತ್ತದೆ, ಮೂಳೆ ಹಾಗಲ್ಲ. ಹೊಸ ಹೊರೆ ಬಿದ್ದಾಗ ದೇಹ ಮೊದಲು ಹಳೆಯ ಮೂಳೆಯನ್ನು ಅಲ್ಲಲ್ಲಿ ಕರಗಿಸಿ, ಆಮೇಲೆ ಆ ಜಾಗದಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸ ವಾರಗಳಲ್ಲಿ ಮುಗಿದರೆ ಕಟ್ಟುವ ಕೆಲಸಕ್ಕೆ ತಿಂಗಳುಗಳು ಬೇಕು. ನಡುವಿನ ಕಾಲದಲ್ಲಿ ಮೂಳೆ ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಆಗಲೇ ಓಟಗಾರನಿಗೆ ಕಾಲು ಹಗುರವಾದಂತೆ ಅನಿಸುವುದು, ಆಗಲೇ ಹುಮ್ಮಸ್ಸಿನಲ್ಲಿ ದೂರ ಹೆಚ್ಚಿಸುವುದು. ಹೊಸ ಎತ್ತಿಗೆ ಮೊದಲ ದಿನವೇ ಪೂರ್ತಿ ಹೊಲದ ಉಳುಮೆಯನ್ನು ಯಾವ ರೈತನೂ ಹೊರಿಸುವುದಿಲ್ಲ.

ಇದು ನನ್ನ ಊಹೆಯಲ್ಲ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. 36 ಅನುಭವಿ ಓಟಗಾರರಲ್ಲಿ 19 ಮಂದಿ 10 ವಾರಗಳಲ್ಲಿ ಹಂತಹಂತವಾಗಿ ಬೆರಳುಗಳುಳ್ಳ ತೆಳು ಶೂಗೆ ಬದಲಾದರು, ಉಳಿದವರು ಮಾಮೂಲಿ ಶೂನಲ್ಲೇ ಓಡಿದರು. ಕೊನೆಯಲ್ಲಿ ಎಂಆರ್‌ಐ ಮಾಡಿದಾಗ ಆ 19 ಮಂದಿಯಲ್ಲಿ 10 ಜನರ ಪಾದದ ಮೂಳೆಮಜ್ಜೆಯಲ್ಲಿ ಊತ ಹೆಚ್ಚಿತ್ತು, ಅಂದರೆ ಮೂಳೆಗೆ ಹೊರೆ ಅತಿಯಾದ ಲಕ್ಷಣ ಕಂಡಿತ್ತು. ಹಂತಹಂತವಾಗಿ ಹೋದವರ ಕಥೆಯೇ ಹೀಗಾದರೆ, ಮೊದಲ ದಿನವೇ ಪೂರ್ತಿ ದೂರ ಓಡಿ ಎಂದು ಹೇಳಲು ನಿಮಗೆ ಯಾವ ಆಧಾರವಿತ್ತು?

ತಂಗಿಗೆ ಬಂದ ನೋವಿನ ಸ್ವರೂಪವೇ ಎಚ್ಚರಿಕೆಯಾಗಿತ್ತು. ಅಭ್ಯಾಸವಿಲ್ಲದ ಸ್ನಾಯುವಿನ ನೋವು ಹರಡಿಕೊಂಡಿರುತ್ತದೆ, ಎರಡು ಮೂರು ದಿನಗಳಲ್ಲಿ ಇಳಿಯುತ್ತದೆ. ಒಂದೇ ಬೆರಳಿನಿಂದ ಇಲ್ಲಿಯೇ ಎಂದು ತೋರಿಸಬಹುದಾದ, ಓಡಿದಷ್ಟೂ ಹೆಚ್ಚುವ ನೋವು ಮೂಳೆಯದು ಎಂದೇ ಮೊದಲು ಅನುಮಾನಿಸಬೇಕು. ಓಟ ಕಲಿಸುವ ಯಾರನ್ನು ಕೇಳಿದರೂ ಹೇಳುತ್ತಾರೆ: ನಿಲ್ಲಿಸಿ, ವೈದ್ಯರಿಗೆ ತೋರಿಸಿ. ಇಷ್ಟು ತಿಳಿಯದ ಸಿಬ್ಬಂದಿಯ ಕೈಗೆ ಸಲಹೆ ಕೊಡುವ ಅಧಿಕಾರ ಕೊಟ್ಟದ್ದು ಯಾರು? ಆ ಉತ್ತರ ಬರೆದ ಹುಡುಗನೋ ಹುಡುಗಿಯೋ ಯಾರೇ ಇರಲಿ, ಅವರ ಮೇಲೆ ನನ್ನ ಸಿಟ್ಟಿಲ್ಲ. ಬರೆದುಕೊಟ್ಟ ಸಾಲುಗಳನ್ನೇ ಅವರು ಅಂಟಿಸಿರುತ್ತಾರೆ. ಆ ಸಾಲುಗಳನ್ನು ಸಿದ್ಧಪಡಿಸಿದವರು ಉತ್ತರ ಹೇಳಬೇಕು.

ಇನ್ನು ನನ್ನ ಜೊತೆಯ ವಿಷಯ. ನಾನು ಟೂಲ್ ರೂಮ್‌ನಲ್ಲಿ ಕೆಲಸ ಮಾಡುವವನು, ಅಳೆಯುವುದು ನನ್ನ ವೃತ್ತಿ. ನಿಮ್ಮ ಜಾಲತಾಣದಲ್ಲಿ ಅಟ್ಟೆಯ ದಪ್ಪ ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಸಮ 8 ಮಿ.ಮೀ., ಅಂದರೆ ಎತ್ತರದ ವ್ಯತ್ಯಾಸವೇ ಇಲ್ಲದ ‘ಝೀರೋ ಡ್ರಾಪ್’ ಎಂದಿದೆ. ಮನೆಯಲ್ಲಿ ತೊಟ್ಟು ನಿಂತಾಗಲೇ ಹಿಮ್ಮಡಿ ಎತ್ತರದಲ್ಲಿದ್ದಂತೆ ಅನಿಸಿತು. ಕ್ಯಾಲಿಪರ್‌ನ ಒಂದು ಕಾಲನ್ನು ಶೂ ಒಳಗೆ, ಇನ್ನೊಂದನ್ನು ಅಟ್ಟೆಯ ಕೆಳಗೆ ಹಿಡಿದು ಅಳೆದೆ. ಹಿಮ್ಮಡಿಯಲ್ಲಿ 9 ಮಿ.ಮೀ., ಬೆರಳ ಬುಡದಲ್ಲಿ 4.5 ಮಿ.ಮೀ. ರಬ್ಬರಿನಲ್ಲಿ ಅರ್ಧ ಮಿಲಿಮೀಟರ್ ಆಚೀಚೆ ಆಗುವುದನ್ನು ಒಪ್ಪುತ್ತೇನೆ. ಆದರೆ ಹೇಳಿದ್ದರ ಹೆಚ್ಚುಕಡಿಮೆ ಅರ್ಧದಷ್ಟೇ ದಪ್ಪ ಇರುವುದನ್ನು, ಅದೂ ಹೊರೆ ಹೆಚ್ಚು ಬೀಳುವ ಜಾಗದಲ್ಲೇ, ಒಪ್ಪಲಾರೆ. ತಂಗಿಯ ಜೊತೆಯನ್ನೂ ತರಿಸಿ ಅಳೆದೆ. ಅದೂ ಹಾಗೆಯೇ ಇದೆ. ಅವಳ ಮೂಳೆ ಬಿರಿದದ್ದು ಆ ತೆಳುವಾದ ಜಾಗದ ಮೇಲೆಯೇ.

ಬೆರಳುಗಳು ಹರಡಿಕೊಳ್ಳಲು ವಿಶಾಲ ಜಾಗವಿದೆ ಎಂದೂ ಬರೆದಿದ್ದೀರಿ. ಕಿರುಬೆರಳು ಒತ್ತಿಕೊಂಡು ಪಕ್ಕದ ಬೆರಳ ಕೆಳಗೆ ಸರಿಯುತ್ತದೆ. ಕೆನಡಾದ ಸಂಶೋಧಕರ ಮುಂದಾಳತ್ವದಲ್ಲಿ 11 ದೇಶಗಳ 42 ತಜ್ಞರು ಸೇರಿ 2015ರಲ್ಲಿ ಇಂಥ ಶೂಗಳನ್ನು ಅಳೆಯುವ ಮಾನದಂಡವೊಂದನ್ನು ರೂಪಿಸಿದರು. ತೂಕ, ಅಟ್ಟೆಯ ದಪ್ಪ, ಹಿಮ್ಮಡಿಗೂ ಮುಂಭಾಗಕ್ಕೂ ಇರುವ ಎತ್ತರದ ವ್ಯತ್ಯಾಸ, ಬಾಗುವ ಗುಣ, ಪಾದದ ಚಲನೆಯನ್ನು ಹಿಡಿದಿಡುವ ಸಾಧನಗಳು ಎಂಬ ಐದು ಅಂಶಗಳಿಗೆ ಅದರಲ್ಲಿ ಸಮಾನ ಅಂಕ. ನಿಮ್ಮ ಪೆಟ್ಟಿಗೆಯ ಮೇಲೆ ಈ ಐದರ ನಿಜವಾದ ಅಳತೆ ಅಚ್ಚಾಗಿದ್ದರೆ ಸಾಕಿತ್ತು. ಬಣ್ಣದ ಮಾತುಗಳ ಅಗತ್ಯವೇ ಇರುತ್ತಿರಲಿಲ್ಲ.

ನನ್ನ ಜೊತೆಯನ್ನು ಹೊರಗೆ ಒಂದು ಹೆಜ್ಜೆಯೂ ಬಳಸಿಲ್ಲ. ಹಿಂದಿರುಗಿಸಲು ಅವಧಿಯೊಳಗೇ ಕೋರಿದೆ, ಅಳತೆಯ ಚಿತ್ರಗಳನ್ನೂ ಕಳುಹಿಸಿದೆ. ‘ಆರಾಮ ಎಂಬುದು ವೈಯಕ್ತಿಕ ಅನುಭವ, ಆದ್ದರಿಂದ ವಾಪಸು ಪಡೆಯಲಾಗದು’ ಎಂದು ಉತ್ತರಿಸಿದಿರಿ. ನಾನು ಆರಾಮದ ಮಾತೇ ಎತ್ತಿರಲಿಲ್ಲ, ಮಿಲಿಮೀಟರ್‌ಗಳ ಮಾತೆತ್ತಿದ್ದೆ.

ನಿಮ್ಮ ಜಾಹೀರಾತನ್ನು ಮತ್ತೊಮ್ಮೆ ನೋಡಿ. ಇಥಿಯೋಪಿಯಾದ ಓಟಗಾರ ಅಬೆಬೆ ಬಿಕಿಲಾ ಅವರ ಹೆಸರು ಅಲ್ಲಿದೆ. 1960ರ ರೋಮ್ ಒಲಿಂಪಿಕ್ಸ್‌ನ ಮ್ಯಾರಥಾನ್ ಅನ್ನು ಅವರು ಬರಿಗಾಲಿನಲ್ಲಿ ಗೆದ್ದದ್ದು ನಿಜ. ಬರಿಗಾಲಿನ ಓಟಕ್ಕೆ ಮೊದಲೇ ಒಗ್ಗಿದ್ದ ಕಾಲುಗಳು ಅವು. 1964ರಲ್ಲಿ ಟೋಕಿಯೊದಲ್ಲಿ ಅವರೇ ಶೂ ತೊಟ್ಟು, ಇನ್ನೂ ಕಡಿಮೆ ಸಮಯದಲ್ಲಿ ಗೆದ್ದದ್ದನ್ನು ನೀವು ಹೇಳುವುದಿಲ್ಲ. ಬರಿಗಾಲ ಓಟದಿಂದ ಗಾಯಗಳು ಕಡಿಮೆಯಾಗುತ್ತವೆ ಎಂದು ಹಾರ್ವರ್ಡ್ ವಿಶ್ವವಿದ್ಯಾಲಯ ಸಾಬೀತುಪಡಿಸಿದೆ ಎನ್ನುತ್ತೀರಿ. ಅಲ್ಲಿನ ಸಂಶೋಧಕ ಡೇನಿಯಲ್ ಲೀಬರ್ಮನ್ ಮತ್ತು ಸಂಗಡಿಗರು 2010ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು, ಬರಿಗಾಲಿನಲ್ಲೇ ಓಡಿ ರೂಢಿಯಾದವರು ಹೆಚ್ಚಾಗಿ ಪಾದದ ಮುಂಭಾಗದಲ್ಲಿ ನೆಲ ಮುಟ್ಟುತ್ತಾರೆ, ಆ ಕ್ಷಣದ ಆಘಾತ ಕಡಿಮೆ ಇರುತ್ತದೆ ಎಂಬುದನ್ನು. ಗಾಯಗಳು ಕಡಿಮೆಯಾಗುತ್ತವೆ ಎಂದು ಆ ಲೇಖನ ಸಾಬೀತುಪಡಿಸಿಲ್ಲ. ಅದಕ್ಕೆ ಬೇರೆಯೇ ಅಧ್ಯಯನಗಳು ಬೇಕೆಂದು ಅದರಲ್ಲೇ ಬರೆದಿದೆ.

ನಮ್ಮ ಕರಾವಳಿಯ ಕಂಬಳದ ಚಿತ್ರವನ್ನೂ ಬಳಸಿದ್ದೀರಿ. ಕೋಣಗಳ ಹಿಂದೆ ಬರಿಗಾಲಿನಲ್ಲಿ ಹಾರುವ ಆ ಓಟಗಾರರನ್ನು ಕಂಡರೆ ನನಗೂ ಹೆಮ್ಮೆ. ಆದರೆ ಅವರು ಓಡುವುದು ಕೆಸರು, ನೀರು ತುಂಬಿದ, ‘ಕರೆ’ ಎಂದು ಕರೆಯುವ ಓಟದ ಹಾದಿಯಲ್ಲಿ. ಓಟ ಸುಮಾರು ಕಾಲು ನಿಮಿಷದಲ್ಲಿ ಮುಗಿಯುತ್ತದೆ. ಮಣ್ಣಿನಲ್ಲಿ ದುಡಿದು ಗಟ್ಟಿಯಾದ ಅಂಗಾಲುಗಳನ್ನು ತೋರಿಸಿ, ಹಗಲೆಲ್ಲ ಶೂ ತೊಟ್ಟು ಕಚೇರಿಯಲ್ಲಿ ಕೂರುವವರಿಗೆ ಡಾಂಬರಿನ ಮೇಲೆ ಐದು ಕಿಲೋಮೀಟರ್ ಓಡಿ ಎಂದು ಹೇಳುವುದು ಆ ಓಟಗಾರರಿಗೂ ನ್ಯಾಯವಲ್ಲ, ಗ್ರಾಹಕರಿಗೂ ನ್ಯಾಯವಲ್ಲ.

ಎಲ್ಲಕ್ಕಿಂತ ನನಗೆ ಭಯ ಹುಟ್ಟಿಸಿದ್ದು ಅದೇ ಪುಟದ ಕೆಳಗಿರುವ ಸಾಲು: ‘ಮಧುಮೇಹಿಗಳಿಗೂ ಅತ್ಯುತ್ತಮ.’ ಸಕ್ಕರೆ ಕಾಯಿಲೆ ಇರುವ ಅನೇಕರಿಗೆ ಕ್ರಮೇಣ ಪಾದದ ಸ್ಪರ್ಶಜ್ಞಾನ ಕುಂದುತ್ತದೆ. ಮುಳ್ಳು ಚುಚ್ಚಿದರೂ ಗುಳ್ಳೆ ಒಡೆದರೂ ತಿಳಿಯುವುದಿಲ್ಲ. ಗಾಯ ಮಾಯುವುದು ತಡವಾಗುತ್ತದೆ, ಕೀವು ತುಂಬಿ ಬೆರಳು ತೆಗೆಸಿಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಬರಿಗಾಲಿನಲ್ಲಿ ನಡೆಯಬೇಡಿ ಎಂದು ವೈದ್ಯರು ಅವರಿಗೆ ಕೈಮುಗಿದು ಹೇಳುತ್ತಾರೆ. ನೆಲದ ಸ್ಪರ್ಶವೇ ಕಾಲನ್ನು ಕಾಯುತ್ತದೆ ಎಂಬುದು ಬರಿಗಾಲ ಓಟದ ಮೂಲ ತತ್ವ. ಆ ಸ್ಪರ್ಶವೇ ಇಲ್ಲದವರಿಗೆ ಇದನ್ನು ಮಾರುವುದು ಅಪರಾಧವೆಂದೇ ನಾನು ಹೇಳುತ್ತೇನೆ. ಬೇರೆ ಯಾವುದನ್ನು ತಡಮಾಡಿದರೂ ಈ ಸಾಲನ್ನು ಇಂದೇ ತೆಗೆಯಿರಿ.

ಇಂಥ ಮಾತುಗಳ ಗತಿ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಉದ್ಯಮದಲ್ಲೇ ಉದಾಹರಣೆ ಇದೆ. ಫೈವ್‌ಫಿಂಗರ್ಸ್ ಎಂಬ ಬೆರಳುಗಳುಳ್ಳ ತೆಳು ಶೂಗಳ ತಯಾರಕರಾದ ವೈಬ್ರಮ್ ಮೇಲೆ 2012ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಪರವಾಗಿ ಮೊಕದ್ದಮೆ ಹೂಡಲಾಯಿತು. 2014ರಲ್ಲಿ ಆ ಕಂಪನಿ ತಪ್ಪನ್ನು ಒಪ್ಪಿಕೊಳ್ಳದೆಯೇ 37.5 ಲಕ್ಷ ಡಾಲರ್‌ಗಳ ರಾಜಿಗೆ ಬಂದಿತು. ತಕ್ಕ ವೈಜ್ಞಾನಿಕ ಆಧಾರವಿಲ್ಲದೆ, ಈ ಶೂ ಸ್ನಾಯುಗಳನ್ನು ಬಲಪಡಿಸುತ್ತದೆ ಅಥವಾ ಗಾಯ ತಗ್ಗಿಸುತ್ತದೆ ಎಂದು ಹೇಳುವುದಿಲ್ಲವೆಂದೂ ಒಪ್ಪಿಕೊಂಡಿತು. ನಮ್ಮ ದೇಶದಲ್ಲೂ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ದಾರಿತಪ್ಪಿಸುವ ಜಾಹೀರಾತನ್ನು ಸ್ಪಷ್ಟವಾಗಿ ವಿವರಿಸಿದೆ. ಜಾಹೀರಾತಿನಲ್ಲಿ ಹೇಳಿದ ಗುಣ ಇಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕಾದ ಹೊಣೆಯೂ ಅದೇ ನಿಯಮಗಳ ಪ್ರಕಾರ ನಿಮ್ಮದು.

ಎರಡೂ ಜೊತೆಗಳ ಹಣವನ್ನು, ತಂಗಿಯ ಎಂಆರ್‌ಐ ಮತ್ತು ಚಿಕಿತ್ಸೆಯ ಖರ್ಚನ್ನು ಪೂರ್ತಿಯಾಗಿ ಹಿಂದಿರುಗಿಸಿ. ಪೆಟ್ಟಿಗೆಯಲ್ಲಿಡುವ ಕಾರ್ಡನ್ನು ಕೂಡಲೇ ನಿಲ್ಲಿಸಿ, ಅದನ್ನು ಈಗಾಗಲೇ ಓದಿಕೊಂಡು ಓಡುತ್ತಿರುವ ಪ್ರತಿಯೊಬ್ಬ ಗ್ರಾಹಕರಿಗೂ ಎಚ್ಚರಿಕೆಯ ಸಂದೇಶ ಕಳುಹಿಸಿ. ಈ ಬೇಡಿಕೆ ನನಗೆ ಹಣಕ್ಕಿಂತ ಮುಖ್ಯ. ಯಾರದೋ ಪಾದದಲ್ಲಿ ಇಂದು ಬೆಳಿಗ್ಗೆ ಅದೇ ನೋವು ಶುರುವಾಗಿರಬಹುದು. ಹೊಸ ಕಾರ್ಡಿನಲ್ಲಿ ನಿಜವನ್ನು ಕನ್ನಡದಲ್ಲೂ ಅಚ್ಚು ಹಾಕಿಸಿ: ಮೊದಲು ನಡಿಗೆ, ನಂತರ ವಾರದ ಓಟದ ಹತ್ತರಲ್ಲೊಂದು ಪಾಲು ಮಾತ್ರ, ತಿಂಗಳುಗಟ್ಟಲೆ ನಿಧಾನವಾದ ಏರಿಕೆ, ಒಂದೇ ಜಾಗದ ನೋವಿಗೆ ಓಟ ಬಂದ್. ಜಾಲತಾಣದಲ್ಲಿ ಅಟ್ಟೆಯ ನಿಜವಾದ ಅಳತೆ ಹಾಕಿ. ನೋವಿನ ಪ್ರಶ್ನೆ ಬಂದಾಗ ವೈದ್ಯರನ್ನು ಕಾಣಿ ಎಂಬುದೊಂದೇ ಉತ್ತರ ಕೊಡುವಂತೆ ಸಿಬ್ಬಂದಿಗೆ ಲಿಖಿತ ಆದೇಶ ನೀಡಿ.

ತಿಂಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ದಾಖಲಿಸಿ, ಮೈಸೂರಿನ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ಪ್ರಕರಣ ಹೂಡುತ್ತೇನೆ. ನಾನು ವಾಸಿಸುವ ಜಿಲ್ಲೆಯಲ್ಲೇ ಹೂಡಲು ಕಾಯ್ದೆ ಅವಕಾಶ ಕೊಟ್ಟಿದೆ. ಜಾಹೀರಾತಿನ ವಿಷಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೂ ಹೋಗುತ್ತದೆ. ಅಲ್ಲಿಯವರೆಗೆ ಎರಡೂ ಜೊತೆ ಶೂಗಳು ನನ್ನ ಬಳಿ ಇರುತ್ತವೆ. ನಿಮ್ಮ ತಂತ್ರಜ್ಞರು ಯಾವಾಗ ಬೇಕಾದರೂ ಬಂದು ನನ್ನ ಎದುರಿನಲ್ಲೇ ಅಳೆದು ನೋಡಬಹುದು.

ಇಂತಿ,
ನಿಮ್ಮ ಗ್ರಾಹಕ,
ಮೈಸೂರು