ಮಗಳಿಗೊಂದು ಪತ್ರ: ನಮ್ಮ ಅಂಗಳವನ್ನೂ ಬರೆ

ಪ್ರೀತಿಯ ಮಗಳೇ,

ರಜೆ ಮುಗಿಸಿ ಹೋಗುವಾಗ ಸಮಾಜಶಾಸ್ತ್ರದ ನೋಟ್‌ಬುಕ್ ಇಲ್ಲೇ ಬಿಟ್ಟು ಹೋಗಿದ್ದೀಯ. ಮೂರು ರಾತ್ರಿ ಕೂತು ಓದಿದೆ. ಮೇಜರ್ ಆಗಿ ಅದನ್ನೇ ತೆಗೆದುಕೊಂಡೆ ಎಂದು ನೀನು ಹೇಳಿದಾಗ ನಾನು ಸುಮ್ಮನಿದ್ದೆ, ಅಲ್ವಾ? ಮುಂದೆ ಕೆಲಸ ಸಿಗುತ್ತದೋ ಇಲ್ಲವೋ ಎಂಬ ಭಯ ಇತ್ತು. ಈಗಲೂ ಸ್ವಲ್ಪ ಇದೆ. ಅದಿರಲಿ.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲಿ ಹೇಳಿದ್ದನ್ನು ನೀನು ಬರೆದುಕೊಂಡಿದ್ದೀಯ. ಊರಲ್ಲಿ ಒಬ್ಬನಿಗೆ ಕೆಲಸ ಇಲ್ಲದಿದ್ದರೆ ಅದು ಅವನ ಕಷ್ಟ, ದೇಶದಲ್ಲಿ ಲಕ್ಷಗಟ್ಟಲೆ ಜನರಿಗೆ ಇಲ್ಲದಿದ್ದರೆ ಅದು ಸಮಾಜದ್ದೇ ಪ್ರಶ್ನೆ. ಓದುವಾಗ ನನಗೆ ಆ ಕಚೇರಿಯ ಕಿಟಕಿ ನೆನಪಾಯಿತು. ಅರ್ಜಿ ಪೂರ್ತಿ ಮಲಯಾಳದಲ್ಲಿತ್ತು. ಕನ್ನಡದ್ದು ಇದೆಯಾ ಎಂದು ಕೇಳಿದೆ. ಒಳಗಿದ್ದವರು ತಲೆ ಎತ್ತದೆ ಮುಂದಿನವರನ್ನು ಕರೆದರು. ನೀನಾಗ ಎರಡನೇ ಕ್ಲಾಸು, ನನ್ನ ಸೆರಗು ಹಿಡಿದು ನಿಂತಿದ್ದೆ. ಮನೆಗೆ ಬಂದು ನಾನು ಅತ್ತೆ. ನಾನು ದಡ್ಡಿ, ಅದಕ್ಕೇ ಹೀಗಾಯಿತು ಎಂದೇ ಇಷ್ಟು ವರ್ಷ ತಿಳಿದಿದ್ದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅಂಥ ಕಿಟಕಿಯ ಮುಂದೆ ನಿಂತವಳು ನಾನೊಬ್ಬಳೇ ಅಲ್ಲವಲ್ಲ!

ಅದೇ ನೋಟ್‌ಬುಕ್ ಆಮೇಲೆ ನನ್ನ ನಿದ್ದೆಯನ್ನೂ ಕೆಡಿಸಿತು.

ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಕಡೆಯ ಒಂದು ಹಳ್ಳಿಯಲ್ಲಿ ಉಳಿದು ಅಭ್ಯಾಸ ಮಾಡಿದರು. 1970ರಲ್ಲಿ ಅಮೆರಿಕದಲ್ಲಿ ಬೆಂಕಿ ಬಿದ್ದು, ಅವರು ತಿದ್ದಿ ಸಿದ್ಧಮಾಡಿದ್ದ ಟಿಪ್ಪಣಿಗಳೆಲ್ಲ ಸುಟ್ಟವು. ಆದರೂ ನೆನಪಿನಿಂದಲೇ ಆ ಹಳ್ಳಿಯ ಬಗ್ಗೆ ಪುಸ್ತಕ ಬರೆದರು. ಎಂಥ ಪ್ರೀತಿ ಇರಬೇಕು ಆ ಊರಿನ ಮೇಲೆ! ಹಳ್ಳಿಯಲ್ಲಿ ಅವರು ಉಳಿದದ್ದು ಊರ ಯಜಮಾನರ ಎತ್ತಿನ ಮನೆಯಲ್ಲಿ. ಅದರ ಪಕ್ಕ ನೀನು ಪೆನ್ಸಿಲ್‌ನಲ್ಲಿ ಬರೆದಿದ್ದೀಯ: ‘ಅಲ್ಲಿಂದ ದಲಿತರ ಕೇರಿ ಎಷ್ಟು ಕಾಣುತ್ತದೆ?’

ಬುಟ್ಟಿ ತರುತ್ತಿದ್ದ ಕೊರಗ ಬುಡಕಟ್ಟಿನ ಅಜ್ಜಿ ನಿನಗೆ ನೆನಪಿದೆಯಾ? ಅಂಗಳದ ಕೆಳಗೇ ನಿಲ್ಲುತ್ತಿದ್ದರು. ನಾನು ಅವರಿಗೆ ತೆಂಗಿನ ಗೆರಟೆಯಲ್ಲಿ ಚಾ ಕೊಡುತ್ತಿದ್ದೆ. ನನ್ನ ಅಮ್ಮ ಹಾಗೆ ಕೊಡುತ್ತಿದ್ದರು, ನಾನೂ ಕೊಟ್ಟೆ. ಒಳಗೆ ಗ್ಲಾಸು ಬೇಕಾದಷ್ಟು ಇದ್ದವು. ಅವರ ಹೆಸರೇನು ಎಂದು ಒಂದು ದಿನವೂ ಕೇಳಲಿಲ್ಲ.

ಪ್ರಾಜೆಕ್ಟಿಗೆ ನಮ್ಮೂರನ್ನೇ ಆರಿಸುತ್ತೇನೆ ಎಂದಿದ್ದೆಯಲ್ಲ. ಅಳಿಯಸಂತಾನದ ಕಾಲದಲ್ಲಿ ಮನೆ, ಆಸ್ತಿ ಹೆಣ್ಣುಮಕ್ಕಳ ಕಡೆಯಿಂದ ಹೇಗೆ ಬರುತ್ತಿತ್ತು, 1975ರ ಕಾನೂನು ಬಂದು ಕೂಡುಕುಟುಂಬ ಹೇಗೆ ಒಡೆಯಿತು, ಇದನ್ನೆಲ್ಲ ಹೇಳಲು ನಿನ್ನ ಅಜ್ಜಿ ಕಾಯುತ್ತಿದ್ದಾರೆ. ಕೇಳಿ ಬರೆದುಕೋ. ಆದರೆ ಮೊದಲು ಕೊರಗರ ಕಾಲನಿಗೆ ಹೋಗು. ಆ ಅಜ್ಜಿ ಈಗ ಇಲ್ಲವಂತೆ, ಮಗಳು ಇದ್ದಾರೆ. ನಮ್ಮ ಮನೆಯ ಬಗ್ಗೆ ಅವರು ಏನು ಹೇಳುತ್ತಾರೋ ಹಾಗೇ ಬರೆ. ಅಮ್ಮನಿಗೆ ಬೇಜಾರಾಗುತ್ತದೆ ಎಂದು ಗೆರಟೆಯ ವಿಷಯ ಬಿಡಬೇಡ.

ನೋಟ್‌ಬುಕ್ ಬಸ್ಸಿನವರ ಕೈಯಲ್ಲಿ ಕಳಿಸಲು ಮನಸ್ಸಿಲ್ಲ. ಶನಿವಾರ ಬಾ. ಆ ಅಜ್ಜಿಯ ಮಗಳು ಬೇಡ ಎನ್ನದಿದ್ದರೆ ನಾನೂ ನಿನ್ನ ಜೊತೆ ಕಾಲನಿಗೆ ಬರುತ್ತೇನೆ. ಅಜ್ಜಿಯ ಹೆಸರು ಕೇಳಬೇಕು.

ನಿನ್ನ ಅಮ್ಮ