ವೆಲ್ಷ್ ಛಂದಸ್ಸು ಹೇಳಿಕೊಡೋಕೆ ಹೊರಟ ತಂಗಿಗೆ

ಪ್ರೀತಿಯ ತಂಗಿ,

ನಿನ್ನ ಮೆಸೇಜ್ ಎರಡು ಸಲ ಓದಿದೆ. ಕಾರ್ಡಿಫ್‌ನಲ್ಲಿ ಹತ್ತು ವರ್ಷದ ಮಕ್ಕಳಿಗೆ ಕಂಗ್ಹಾನೆದ್, ಅಂದ್ರೆ ಒಂದೇ ಸಾಲಿನೊಳಗೆ ವ್ಯಂಜನ, ಪ್ರಾಸ ಮರುಕಳಿಸೋ ವೆಲ್ಷ್ ಛಂದಸ್ಸು, ಹೇಳಿಕೊಡು ಅಂತ ಕರೆದಿದಾರೆ, ನಾನು ಕಥೆ ಬರೆಯೋಳು, ವೆಲ್ಷ್ ಕಲಿತಿದ್ದೇ ದೊಡ್ಡವಳಾದ ಮೇಲೆ, ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದೀಯ. ಬೋರ್ಡಿಂದ ಮಾತ್ರ ಶುರು ಮಾಡ್ಬೇಡ ಕಣಮ್ಮಾ.

ನಾನು ಮೊದಲ ಸಲ ಒಂದು ಕ್ಲಾಸಿಗೆ ಹೋದಾಗ ಅದನ್ನೇ ಮಾಡಿದ್ದೆ. ಗ್ರೋಯ್ಸ್, ಡ್ರೌಸ್, ಸೈನ್, ಲಿಸ್ಗ್ ಅಂತ ಅದರ ನಾಲ್ಕೂ ಬಗೆಗಳ ಹೆಸರು ಬರೆದು ವಿವರಿಸ್ತಾ ಹೋದೆ, ಮಕ್ಕಳು ನೀಟಾಗಿ ಕಾಪಿ ಮಾಡ್ಕೊಂಡ್ರು, ಅರ್ಧ ಗಂಟೆ ಒಬ್ಬರೂ ಬಾಯಿ ಬಿಡ್ಲಿಲ್ಲ. ಒಂದು ಹುಡುಗಿ ವ್ಯಂಜನಗಳಿಗೆ ಗೆರೆ ಎಳೀತಾ 'ಕುಮ್' ಅನ್ನೋ ಪದದಲ್ಲಿ, ಕಣಿವೆ ಅಂತ ಅರ್ಥ, ಅದರಲ್ಲಿರೋ ಡಬ್ಲ್ಯೂಗೂ ಗೆರೆ ಎಳೆದಿದ್ಲು. ಮನೇಲಿ ಇಂಗ್ಲಿಷ್ ಮಾತಾಡೋ ಮಗು, ಇಂಗ್ಲಿಷಲ್ಲಿ ಅದು ವ್ಯಂಜನ, ವೆಲ್ಷಲ್ಲಿ 'ಉ' ಸ್ವರ. ನಾನು ಕೆಂಪು ಪೆನ್ನಲ್ಲಿ ಹೊಡೆದು ಹಾಕಿದೆ. ಅವಳು ಆ ದಿನ ಮತ್ತೆ ಪೆನ್ಸಿಲ್ ಮುಟ್ಟಲಿಲ್ಲ. ಅದು ನನಗೆ ಈಗ್ಲೂ ನೋವು.

ಅದಕ್ಕೇ ಹೇಳ್ತೀನಿ, ಮೊದಲು ಕಿವಿಗೆ ಬೀಳಲಿ. 'ಬಾರಾ ಬ್ರಿತ್' ಅಂತ ಜೋರಾಗಿ ಹೇಳ್ಸು, ಟೀ ಜೊತೆ ತಿನ್ನೋ ಆ ಒಣದ್ರಾಕ್ಷಿ ಬ್ರೆಡ್, ಎಲ್ಲರಿಗೂ ಗೊತ್ತು. ಬ-ರ, ಬ-ರ ಅಂತ ಎರಡು ಸಲ ಬಡಿಯುತ್ತಲ್ಲ, ಅದನ್ನ ಅವರೇ ಕಂಡುಹಿಡೀಲಿ. ಪೂರ್ತಿ ನಿಯಮದಲ್ಲಿ ಉಚ್ಚಾರದ ಒತ್ತು ಎಲ್ಲಿ ಬೀಳುತ್ತೆ ಅನ್ನೋದೂ ಲೆಕ್ಕಕ್ಕೆ ಬರುತ್ತೆ, ಮೊದಲ ದಿನ ಅದು ಬೇಡ. ನಿಂಗೆ ಇದು ಹೊಸದೇನಲ್ಲ ನೋಡು, ನಮ್ಮ ಎರಡನೇ ಅಕ್ಷರದ ಪ್ರಾಸದಲ್ಲೂ ವ್ಯಂಜನ ಒಂದೇ ಇರ್ಬೇಕು, ಸ್ವರ ಯಾವುದಾದ್ರೂ ನಡೆಯುತ್ತೆ. ಗ್ರೋಯ್ಸ್‌ನಲ್ಲಿ ಸಾಲಿನ ಮೊದಲರ್ಧದ ವ್ಯಂಜನಗಳು ಅದೇ ಸಾಲಾಗಿ ಎರಡನೇ ಅರ್ಧದಲ್ಲಿ ವಾಪಸ್ ಬರ್ಬೇಕು, ಅಷ್ಟೇ.

ಬರೆಸೋಕೆ ಲಿಸ್ಗ್ ಸುಲಭ. ನಾನೇ ಕಟ್ಟಿದ ಒಂದು ಸಾಲು ಕೊಡ್ತೀನಿ: 'ಗೆರ್ ಅ ತಾನ್ ಮೈ ಹೀನ್ ಕಾನಿ', ಬೆಂಕಿ ಪಕ್ಕ ಅವಳು ಹಾಡ್ತಿದಾಳೆ ಅಂತ. ಚಪ್ಪಾಳೆ ತಟ್ಟಿ ಎಣಿಸು, ಏಳು ಸಿಲಬಲ್. ನಡುವಿನ 'ತಾನ್' ಹೋಗಿ ಕೊನೇ ಪದದ ಕೊನೇ ಸಿಲಬಲ್ಲಿಗೆ ಅಲ್ಲ, ಅದರ ಹಿಂದಿನದಕ್ಕೆ, 'ಕಾನ್' ಅನ್ನೋದಕ್ಕೆ ಪ್ರಾಸವಾಗಿ ತಗಲುತ್ತೆ. ಒಂದು ಸಾಲು ಕೂತ್ರೆ ಸಾಕು. ಎಂಗ್ಲಿನ್‌ಗೆ ಆತುರ ಬೇಡ, ಅದೊಂದು ಪುಟ್ಟ ಪದ್ಯ, ನಾಲ್ಕು ಸಾಲಲ್ಲಿ 10, 6, 7, 7 ಅಂತ 30 ಸಿಲಬಲ್, ನಾಲ್ಕಕ್ಕೂ ಒಂದೇ ಪ್ರಾಸ, ದೊಡ್ಡವರೇ ವಾರಗಟ್ಟಲೆ ಒದ್ದಾಡ್ತಾರೆ.

ಇನ್ನೊಂದು ವಿಷಯ, ಇದು ನಂಗೆ ತುಂಬಾ ಇಷ್ಟ. ವೆಲ್ಷ್‌ನಲ್ಲಿ ಪದದ ಮೊದಲ ಅಕ್ಷರ ಬದಲಾಗೋದನ್ನ ಮಕ್ಕಳು ಗ್ರಾಮರ್ ಪಿರಿಯಡ್‌ನಲ್ಲಿ ಶಿಕ್ಷೆ ಥರ ಕಲೀತಾರೆ. ಬೆಕ್ಕು 'ಕಾಥ್', ನಿನ್ನ ಬೆಕ್ಕು ಅಂದ್ರೆ 'ಗಾಥ್', ಅವಳ ಬೆಕ್ಕು 'ಖಾಥ್', ನನ್ನದಾದ್ರೆ 'ಙಾಥ್'. ನಮ್ಮ ಮಳೆ, ಕಾಲ ಸೇರಿ ಮಳೆಗಾಲ ಆಗುತ್ತಲ್ಲ, ಆ ಕ-ಗ ಇಲ್ಲೂ ಇದೆ. ಸಾಲಿಗೆ 'ಗ' ಬೇಕಾ, ಬೆಕ್ಕನ್ನ ಅವಳ ಮಡಿಲಿಂದ ತೆಗೆದು ನಿನ್ನ ಮಡಿಲಿಗೆ ಹಾಕು ಅಂತ ಹೇಳು. ಇದು ಹೊಳೆದ ಕ್ಷಣ ಮಕ್ಕಳ ಮುಖ ನೋಡ್ಬೇಕು ನೀನು, ಬೈಸ್ಕೊಂಡು ಕಲಿತಿದ್ದೆಲ್ಲಾ ಒಮ್ಮೆಗೇ ಕೈಗೆ ಬಂದ ಹಾಗೆ.

ಭಾಷೆ ಮೇಲಿನ ಕರುಣೆಯಿಂದ ಮಾತ್ರ ಶುರು ಮಾಡ್ಬೇಡ. 19ನೇ ಶತಮಾನದಲ್ಲಿ ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತು ಹಾಕ್ತಿದ್ರು ನಿಜ, 2021ರ ಜನಗಣತಿಯಲ್ಲಿ ವೇಲ್ಸಲ್ಲಿ ಆ ಭಾಷೆ ಬಲ್ಲೋರು ಬರೀ 17.8 ಪರ್ಸೆಂಟ್, ಅದೂ ನಿಜ, ಆದರೆ ಹತ್ತು ವರ್ಷದ ಮಗುವಿನ ಹೆಗಲಿಗೆ ಭಾಷೆ ಉಳಿಸೋ ಭಾರ ಹೊರಿಸಿದ್ರೆ ಅದು ಆಟ ಆಡೋದು ಹೇಗೆ? ಅದರ ಬದಲು ತಾಲೂರ್ನ್ ಅನ್ನೋ ರೇಡಿಯೋ ಕಾರ್ಯಕ್ರಮ ಕೇಳಿಸು, ಆ ಪದಕ್ಕೆ ಕೋಳಿ ಅಂಕದ ಕಣ ಅಂತಾನೇ ಅರ್ಥ. 1979ರಿಂದ ರೇಡಿಯೋದಲ್ಲಿ ಕವಿಗಳು ಟೀಮ್ ಕಟ್ಕೊಂಡು ಇದೇ ಛಂದಸ್ಸಲ್ಲಿ ಸೆಣಸ್ತಾರೆ, ಹತ್ತಕ್ಕೆ ಮಾರ್ಕ್ಸ್ ಬೀಳುತ್ತೆ. ಹುಡುಗೀರು ಇದು ಗಂಡಸರ ಕೆಲಸ ಅಂದ್ಕೊಂಡಿದ್ರೆ 2001ರಲ್ಲಿ ನ್ಯಾಷನಲ್ ಐಸ್ಟೆದ್‌ವೊಡ್‌ನಲ್ಲಿ, ಅಂದ್ರೆ ವೇಲ್ಸಿನ ದೊಡ್ಡ ಸಾಹಿತ್ಯ-ಕಲಾ ಉತ್ಸವದಲ್ಲಿ, ಈ ಛಂದಸ್ಸಿನ ಕವಿತೆಗೆ ಬಹುಮಾನವಾಗಿ ಕೊಡೋ ಕುರ್ಚಿ ಗೆದ್ದ ಮೊದಲ ಹೆಣ್ಣುಮಗಳು ಮೆರೆರಿಡ್ ಹಾಪ್‌ವುಡ್ ಅವರ ಬಗ್ಗೆ ಹೇಳು.

ಮತ್ತೆ, ಮಕ್ಕಳ ಸಾಲನ್ನ ನೀನು ಪೂರ್ತಿ ಮಾಡಿ ಕೊಡ್ಬೇಡ. ಒಂದು ಪದಕ್ಕೋಸ್ಕರ ಹತ್ತು ನಿಮಿಷ ಗೋಡೆ ನೋಡ್ತಾ ಕೂತಿದ್ರೆ ಕೂತಿರಲಿ, ನೀನು ಕಥೆ ಬರೆಯುವಾಗ ಹಾಗೇ ಕೂತಿರ್ತೀಯಲ್ಲ. ಕ್ಲಾಸ್ ಮುಗಿದ ಸಂಜೆ ಅವರ ಸಾಲುಗಳ ಫೋಟೋ ತೆಗೆದು ಕಳಿಸು, ತಿದ್ದದೆ ಕಳಿಸು.

ನಿನ್ನ ಅಕ್ಕ